ಮಳೆ ಬಡಿಯುವ ಬಾಗಿಲಿಗೆ ಯಾವ ಮರ? ಸಾಗುವಾನಿ, ಹಲಸು, ನಂದಿ, ಮತ್ತಿಗಳ ಎದುರು ಹೆಬ್ಬಲಸು

ಮಲೆನಾಡಿನಲ್ಲಿ ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಸಾಗುವಾನಿ ಎಲ್ಲಿ ಸಿಗುತ್ತದೆ ಎಂದು. ನಾನೂ ಹಾಗೆಯೇ ವಿಚಾರಿಸಿದ್ದೆ. ಪೇಟೆಯ ಒಂದು ಮರದ ಅಂಗಡಿಯಿಂದ ಸಾಗುವಾನಿಯನ್ನೇ ತಂದು ಪಡಸಾಲೆಯ ಕಿಟಕಿಗಳನ್ನು ಮಾಡಿಸಿದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಕೆಳಗೆ ಅಕ್ಕಿಹಿಟ್ಟಿನಂಥ ನಯವಾದ ಪುಡಿ ಬೀಳತೊಡಗಿತು. ಚೌಕಟ್ಟಿನ ಅಂಚಿನಲ್ಲಿ ಸೂಜಿಮೊನೆಯ ಗಾತ್ರದ ತೂತುಗಳು. ಅದೇ ಹೊತ್ತಿನಲ್ಲಿ, ಅಜ್ಜನ ಕಾಲದ ಕೊಟ್ಟಿಗೆಯ ಬಾಗಿಲು ಪಡುವಣ ಮಳೆಗೆ ಎದೆಯೊಡ್ಡಿ ನಿಂತಿತ್ತು. ಬಣ್ಣ ಕಂಡಿರಲಿಲ್ಲ, ಎಣ್ಣೆ ಕಂಡಿರಲಿಲ್ಲ. ಹೊರಮೈ ಬೂದಿಬಣ್ಣಕ್ಕೆ ತಿರುಗಿದ್ದರೂ ಉಳಿಯಿಂದ ಒಂದು ಚೂರು ಕೆತ್ತಿದರೆ ಒಳಗೆ ಜೇನಿನ ಬಣ್ಣದ ಗಟ್ಟಿ ಮರ. ಅದು ಹೆಬ್ಬಲಸು.

ಆ ಎರಡು ಮರಗಳನ್ನು ಒಂದೇ ಅಂಗಳದಲ್ಲಿ ನೋಡಿದ ಮೇಲೆ ನನಗೆ ಒಂದು ವಿಷಯ ಮನದಟ್ಟಾಯಿತು. ಮರದ ಹೆಸರನ್ನು ಹಿಡಿದು ಕೊಳ್ಳಲು ಹೋದರೆ ಮೋಸಹೋಗುವುದೇ ಹೆಚ್ಚು. ಮನೆಯ ಯಾವ ಜಾಗಕ್ಕೆ ಬೇಕು, ಅಲ್ಲಿ ನೀರು, ಹುಳು, ಭಾರ ಇವುಗಳಲ್ಲಿ ಯಾವುದರ ಕಾಟ ಜಾಸ್ತಿ ಎಂಬುದನ್ನು ತೀರ್ಮಾನಿಸಿಕೊಂಡೇ ಅಂಗಡಿಗೆ ಹೋಗಬೇಕು. ಹಾಗೆ ಹೋದಾಗ, ಯಾರೂ ಹೆಚ್ಚಾಗಿ ಕೇಳದ ಹೆಬ್ಬಲಸು ಅನೇಕ ಕಡೆ ಮೊದಲ ಸಾಲಿಗೆ ಬರುತ್ತದೆ.

ಹೆಬ್ಬಲಸು ಎಂದರೆ ಯಾವುದು?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆರ್ಟೊಕಾರ್ಪಸ್ ಹಿರ್ಸೂಟಸ್. ಹಲಸಿನ ದಾಯಾದಿ, ಪಶ್ಚಿಮ ಘಟ್ಟದ ಸ್ವಂತ ಮರ. ತುಳುವಿನಲ್ಲಿ ಪೆಜ, ಮಲಯಾಳದಲ್ಲಿ ಆಂಜಿಲಿ, ಮರದ ವ್ಯಾಪಾರದಲ್ಲಿ ಐನಿ. ಹಲಸಿನ ಮರ ಗಿಡ್ಡಗೆ ಬೆಳೆದು ಬೇಗ ಕವಲೊಡೆದರೆ, ಹೆಬ್ಬಲಸು ಕಂಬದಂತೆ ನೆಟ್ಟಗೆ ಏರಿ ಕಾಡಿನ ಮೇಲ್ಚಾವಣಿಯನ್ನು ಮುಟ್ಟುತ್ತದೆ. ಹಲಸಿನ ಹಣ್ಣು ಕಾಂಡಕ್ಕೇ ಜೋತುಬಿದ್ದರೆ, ಇದರ ಮುಷ್ಟಿಗಾತ್ರದ ಮುಳ್ಳುಹಣ್ಣು ಕೊಂಬೆಯ ತುದಿಯಲ್ಲಿರುತ್ತದೆ. ಬೇಸಿಗೆಯ ಕೊನೆಯಲ್ಲಿ ಮಂಗಗಳು ಮತ್ತು ಹಕ್ಕಿಗಳು ಉಳಿಸಿದ್ದಷ್ಟು ಮಕ್ಕಳಿಗೆ. ಎಲೆ ದೊಡ್ಡದು, ಎಲೆಯಲ್ಲೂ ಎಳೆಯ ಚಿಗುರಿನಲ್ಲೂ ಒರಟು ರೋಮ. ಹಿರ್ಸೂಟಸ್ ಎಂದರೂ ರೋಮವುಳ್ಳದ್ದು ಎಂದೇ ಅರ್ಥ.

ನೆಟ್ಟಗಿನ ಕಾಂಡವೇ ಇದರ ದೊಡ್ಡ ಆಸ್ತಿ. ಗಂಟಿಲ್ಲದ, ಉದ್ದನೆಯ, ಅಗಲದ ಹಲಗೆ ಹಲಸಿನಲ್ಲಿ ಅಪರೂಪ, ಇದರಲ್ಲಿ ಸಹಜ. ಕೇರಳದವರು ನೂರು ಅಡಿ ಮೀರಿದ ಹಾವಿನ ದೋಣಿಗಳನ್ನು ಆಂಜಿಲಿಯ ಹಲಗೆಗಳಿಂದ ಕಟ್ಟುತ್ತಾರೆ. ಕೆಟ್ಟುವಳ್ಳಂ ಎಂಬ ದೊಡ್ಡ ಸರಕುದೋಣಿಗಳಲ್ಲಿ ಇದೇ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ದೋಣಿಯ ಮರಕ್ಕೆ ಮೂರು ಗುಣ ಒಟ್ಟಿಗೆ ಬೇಕು. ಹಗುರವಾಗಿರಬೇಕು, ನೀರಿನಲ್ಲಿ ಕೊಳೆಯಬಾರದು, ಉದ್ದಕ್ಕೆ ಸಿಗಬೇಕು. ಎಂದೂ ಬತ್ತದ ಹಿನ್ನೀರಿನಲ್ಲಿ ಬಾಳುವ ಮರ ನಮ್ಮ ಆಗುಂಬೆ, ಕೊಲ್ಲೂರಿನ ಮಳೆಗೆ ಹೆದರುತ್ತದೆಯೇ?

ಒಣಗಿದ ಹೆಬ್ಬಲಸು ಘನಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ. ನಮ್ಮ ಮರದ ಲೆಕ್ಕ ಘನ ಅಡಿಯಲ್ಲಿ ನಡೆಯುವುದರಿಂದ ಹಾಗೆಯೇ ಹೇಳುವುದಾದರೆ ಘನ ಅಡಿಗೆ ಸುಮಾರು 17 ಕಿಲೋ. ಕೊಯ್ದಾಗ ಹೊಂಬಣ್ಣ, ಗಾಳಿ ಬೆಳಕು ತಾಗಿದಂತೆ ಕಂದು. ಒಣಗುವಾಗ ಹೆಚ್ಚು ಹಟ ಮಾಡುವುದಿಲ್ಲ, ಸೀಳುವುದೂ ತಿರುಚುವುದೂ ಕಡಿಮೆ. ಗರಗಸ, ಉಳಿಗಳಿಗೆ ಸುಲಭವಾಗಿ ಒಗ್ಗುತ್ತದೆ. ಚೇಗು, ಅಂದರೆ ಒಳಗಿನ ಬಲಿತ ಮರಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ.

ದೋಷಗಳನ್ನೂ ಹೇಳಲೇಬೇಕು. ಇದರ ಮೈ ಒರಟು, ರಂಧ್ರಗಳು ದೊಡ್ಡವು. ಪಾಲಿಶ್ ಕುಡಿಯುತ್ತಲೇ ಇರುತ್ತದೆ. ರಂಧ್ರ ತುಂಬುವ ಲೇಪ ಹಚ್ಚಿ ಉಜ್ಜದಿದ್ದರೆ ಕನ್ನಡಿಯ ಹೊಳಪು ಬಾರದು. ಕೆಲವು ದಿಮ್ಮಿಗಳಲ್ಲಿ ಎಳೆಗಳು ಒಂದು ಪದರದಲ್ಲಿ ಈ ಕಡೆ, ಮುಂದಿನ ಪದರದಲ್ಲಿ ಆ ಕಡೆ ವಾಲಿರುತ್ತವೆ. ಅಂಥದ್ದನ್ನು ಉಜ್ಜುಗೊರಡಿನಿಂದ ನಯ ಮಾಡುವಾಗ ಸಿಬಿರು ಏಳುತ್ತದೆ. ಸೂಕ್ಷ್ಮ ಕೆತ್ತನೆಗೆ ಇದು ಮರವಲ್ಲ. ದೇವರಕೋಣೆಯ ಬಾಗಿಲಿಗೆ ಬಳ್ಳಿ, ಹಂಸ, ಕಮಲ ಕೆತ್ತಿಸುವ ಆಸೆಯಿದ್ದರೆ ಬೇರೆ ಮರ ನೋಡಿ.

ಹಲಸಿನೊಂದಿಗೆ ಇಟ್ಟು ನೋಡಿದರೆ

ತೂಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಬಣ್ಣದಲ್ಲಿ ಹಲಸಿನದೇ ಮೇಲುಗೈ. ಹೊಸದಾಗಿ ಕೊಯ್ದ ಹಲಸು ಅರಿಸಿನದ ಹಳದಿ, ವರ್ಷಗಳು ಕಳೆದಂತೆ ಕೆಂಪುಮಿಶ್ರಿತ ಕಂದು. ನಯವಾಗಿ ಪಾಲಿಶ್ ಕೂರುತ್ತದೆ. ವೀಣೆ, ಮೃದಂಗ ಮಾಡುವವರು ಹಲಸನ್ನೇ ಆರಿಸುತ್ತಾರೆ. ಕುರ್ಚಿ, ಪೆಟ್ಟಿಗೆ, ಒಳಮನೆಯ ಬಾಗಿಲು, ಊಟದ ಮೇಜು ಇವಕ್ಕೆ ನಾನು ಎರಡನೆಯ ಯೋಚನೆಯಿಲ್ಲದೆ ಹಲಸನ್ನು ಹೇಳುತ್ತೇನೆ. ತೋಟದಲ್ಲಿ ಹಣ್ಣು ಕೊಡುವುದನ್ನು ನಿಲ್ಲಿಸಿದ ಹಳೆಯ ಮರವಿದ್ದರಂತೂ ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ. ಕೊರತೆ ಉದ್ದದ್ದು. ಏಳು ಅಡಿಯ ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ನೆಟ್ಟಗಿನ ತುಂಡು ಸಿಗಬಹುದು, ಮಾಡಿನ ಇಳಿಜಾರಿಗೆ ಹಾಕುವ ಹನ್ನೆರಡು ಅಡಿಯ ಪಕಾಸಿಗೆ ಹಲಸಿನ ಹಿಂದೆ ಹೋದರೆ ಗಂಟು ಮತ್ತು ಸೊಟ್ಟಗಳ ನಡುವೆ ಆಯುತ್ತ ಕೂರಬೇಕಾಗುತ್ತದೆ.

ಸಾಗುವಾನಿ: ಹೆಸರು ಮತ್ತು ವಯಸ್ಸು

ಸಾಗುವಾನಿಯನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಭಾರತದ ಮರಗಳ ಶಕ್ತಿ, ಬಾಗದಿರುವಿಕೆ, ಗಡಸುತನ, ಆಕಾರ ಉಳಿಸಿಕೊಳ್ಳುವ ಗುಣ ಎಲ್ಲವನ್ನೂ ಅಳೆದಾಗ ಸಾಗುವಾನಿಗೆ 100 ಅಂಕ ಎಂದಿಟ್ಟುಕೊಂಡು ಉಳಿದವನ್ನು ಅದರೊಡನೆ ಹೋಲಿಸಿತು. ಅಳತೆಗೋಲೇ ಆಗಿಬಿಟ್ಟ ಮರ ಅದು. ಮರದೊಳಗಿನ ಎಣ್ಣೆಯ ಅಂಶದಿಂದ ನೀರು ಬೇಗ ಇಳಿಯುವುದಿಲ್ಲ, ಗೆದ್ದಲು ದೂರ ಇರುತ್ತದೆ. ಮಳೆಗಾಲದಲ್ಲಿ ಉಬ್ಬುವುದೂ ಬೇಸಿಗೆಯಲ್ಲಿ ಕುಗ್ಗುವುದೂ ಕಡಿಮೆ. ಹೆಬ್ಬಲಸು ಈ ಗುಣಗಳಲ್ಲಿ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ.

ಆದರೆ ಆ 100 ಅಂಕ ಬಲಿತ ಸಾಗುವಾನಿಯದು. ದಾಂಡೇಲಿ, ನಿಲಂಬೂರಿನ ಹೆಸರು ಕಟ್ಟಿದ್ದು ಹಳೆಯ ದಿಮ್ಮಿಗಳು. ಇಂದು ತೋಟದ ಅಂಚಿನಲ್ಲಿ ನೆಟ್ಟು ಹದಿನೈದು ಇಪ್ಪತ್ತು ವರ್ಷಕ್ಕೆ ಕಡಿದ ಮರವೂ ಸಾಗುವಾನಿಯೇ, ಹಡಗಿನಲ್ಲಿ ಆಫ್ರಿಕಾದಿಂದಲೂ ದಕ್ಷಿಣ ಅಮೆರಿಕದಿಂದಲೂ ಬರುವ ಎಳೆಯ ತೋಪಿನ ಮರವೂ ಸಾಗುವಾನಿಯೇ. ಎಳೆಯ ಮರದಲ್ಲಿ ಚೇಗು ಕಡಿಮೆ, ಸುತ್ತಲಿನ ಬಿಳಿ ಭಾಗ ಹೆಚ್ಚು. ಬಿಳಿಯಲ್ಲಿ ಪಿಷ್ಟ ಇರುತ್ತದೆ, ಮರ ಕೊರೆದು ಪುಡಿ ಮಾಡುವ ಕುಟ್ಟೆಹುಳುವಿಗೆ ಬೇಕಾದದ್ದು ಅದೇ. ನನ್ನ ಕಿಟಕಿಗಳ ಕತೆಯೂ ಇಷ್ಟೇ. ಅಂಗಡಿಯಲ್ಲಿ ಹಚ್ಚಿದ್ದ ಕಂದು ಬಣ್ಣದ ಕೆಳಗೆ ಬಿಳಿ ಅಡಗಿತ್ತು. ನಾನು ಕೇಳಿದ್ದು ಸಾಗುವಾನಿ, ಕೊಟ್ಟದ್ದೂ ಸಾಗುವಾನಿ. ಚೇಗು ಎಷ್ಟಿದೆ ಎಂದು ನಾನು ಕೇಳಲಿಲ್ಲ.

ಆದ್ದರಿಂದ ಈ ಎರಡರ ನಡುವೆ ಆರಿಸುವಾಗ ನನ್ನ ಅಳತೆ ಹೀಗಿದೆ. ನಲವತ್ತು ಐವತ್ತು ವರ್ಷ ಬಲಿತ, ಊರಿನಲ್ಲೇ ನಿಂತಿದ್ದ, ಬುಡದ ಸುತ್ತಳತೆ ಕಣ್ಣಿಗೆ ಕಂಡ ಸಾಗುವಾನಿ ಸಿಕ್ಕರೆ, ಹಣವೂ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಎಳೆಯ ಸಾಗುವಾನಿ ಮತ್ತು ಬಲಿತ ಹೆಬ್ಬಲಸು ಎದುರಿಗಿದ್ದರೆ ಹೆಬ್ಬಲಸನ್ನು ಆರಿಸಿ. ಅದರ ಬೆಲೆಯೂ ಕಡಿಮೆ.

ಭಾರದ ಮರಗಳು: ಮತ್ತಿ ಮತ್ತು ಕಿರಾಲ್‌ಬೋಗಿ

ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆದ ತೊಗಟೆಯ ಮತ್ತಿಯನ್ನು ನೋಡದವರು ಕಡಿಮೆ. ಅದರ ಮರ ಘನ ಅಡಿಗೆ 24 ಕಿಲೋದಷ್ಟು ತೂಗುತ್ತದೆ. ಗಾಢ ಕಂದಿನ ಮೇಲೆ ಕಪ್ಪು ಗೆರೆಗಳು, ಚೆನ್ನಾಗಿ ಬಂದ ಹಲಗೆ ನೋಡಲು ಬಹಳ ಸುಂದರ. ತೊಲೆ, ಕಂಬ, ಅಡ್ಡೆಗಳಿಗೆ ಇದಕ್ಕೆ ಸಾಟಿಯಾಗಿ ಹೆಬ್ಬಲಸನ್ನು ನಿಲ್ಲಿಸಲಾಗದು. ಹಂಚಿನ ಮಾಡಿನ ಭಾರ ಹೊರಬೇಕಾದ ದೊಡ್ಡ ಅಂಕಣದಲ್ಲಿ ಹೆಬ್ಬಲಸು ಬಳಸುವುದಾದರೆ ತುಂಡಿನ ಗಾತ್ರ ಹೆಚ್ಚಿಸಬೇಕಾಗುತ್ತದೆ. ಆದರೆ ಮತ್ತಿಯನ್ನು ಒಣಗಿಸುವುದು ತಾಳ್ಮೆಯ ಪರೀಕ್ಷೆ. ಅವಸರ ಮಾಡಿದರೆ ಮೈತುಂಬ ಸೀಳು, ತುದಿಯಲ್ಲಿ ಬಿರುಕು. ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಮೊಳೆ ಹೊಡೆಯುವ ಮೊದಲು ತೂತು ಕೊರೆಯಲೇಬೇಕು.

ಬಾಗಿಲಿಗೆ ಮತ್ತಿ ಬೇಡ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಬಾಗಿಲಿಗೆ ಸುಮಾರು ಮೂರು ಘನ ಅಡಿ ಮರ ಹಿಡಿಯುತ್ತದೆ. ಹೆಬ್ಬಲಸಿನಲ್ಲಿ ಅದು 52 ಕಿಲೋ, ಸಾಗುವಾನಿಯಲ್ಲಿ 56, ಮತ್ತಿಯಲ್ಲಿ 73 ಕಿಲೋ. ಇಪ್ಪತ್ತು ಕಿಲೋ ಹೆಚ್ಚು ಭಾರವನ್ನು ಹಿಂಜುಗಳು ದಿನವೂ ಹೊರಬೇಕು. ಕೆಲವು ವರ್ಷಗಳಲ್ಲಿ ಬಾಗಿಲು ಜೋತು ನೆಲ ಉಜ್ಜುತ್ತದೆ, ಮನೆಯ ಮುದುಕರು ಅದನ್ನು ಎತ್ತಿ ಎತ್ತಿ ಹಾಕಬೇಕಾಗುತ್ತದೆ.

ಕರಾವಳಿಯವರಿಗೆ ಕಿರಾಲ್‌ಬೋಗಿ ಗೊತ್ತು. ಮಲಯಾಳದಲ್ಲಿ ಇದರ ಹೆಸರಿನಲ್ಲೇ ಕಬ್ಬಿಣ ಇದೆ. ರೈಲುಹಳಿಯ ಅಡಿಗೆ ಹಾಸುತ್ತಿದ್ದ ಮರ ಇದು. ನೆಲಕ್ಕೆ ತಾಗುವ ಕಂಬಕ್ಕೆ, ಹೊಸ್ತಿಲಿಗೆ ಇದಕ್ಕಿಂತ ಗಟ್ಟಿಯಾದದ್ದು ನನಗೆ ಗೊತ್ತಿಲ್ಲ. ಇದೂ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಮರ, ನಿಧಾನವಾಗಿ ಬೆಳೆಯುವಂಥದ್ದು. ಹಳೆಯ ಮನೆ ಬಿಚ್ಚುವಾಗ ಸಿಕ್ಕಿದ ತುಂಡುಗಳಿದ್ದರೆ ಕೊಳ್ಳಿ. ಇದಕ್ಕಾಗಿ ನಿಂತ ಮರ ಕಡಿಸುವುದನ್ನು ನಾನು ಒಪ್ಪುವುದಿಲ್ಲ.

ನಂದಿ, ಹೊನ್ನೆ, ಮತ್ತು ಹಡಗಿನಲ್ಲಿ ಬರುವ ಹೊರದೇಶದ ಮರ

ನುಣುಪಾದ ಬಿಳಿ ತೊಗಟೆ ಕಳಚಿಕೊಳ್ಳುವ ನಂದಿ ಮಲೆನಾಡಿನ ಮನೆಗಳ ಒಳಗೆಲ್ಲ ಇದೆ. ಕೆಂಪುಕಂದು ಬಣ್ಣ, ಸಾಗುವಾನಿಗೆ ಹತ್ತಿರದ ತೂಕ, ಸಾಕಷ್ಟು ಬಲ. ಅಟ್ಟದ ಹಲಗೆ, ಒಳಬಾಗಿಲು, ಮಂಚಕ್ಕೆ ಒಳ್ಳೆಯದು. ಮಳೆ ತಾಗುವ ಕಡೆ ಇಟ್ಟರೆ ಹೆಬ್ಬಲಸಿನಷ್ಟು ಬಾಳುವುದಿಲ್ಲ.

ಹೊನ್ನೆ ಗಟ್ಟಿ, ಬಾಳಿಕೆ ಬರುವ ಮರ, ಮೈಬಣ್ಣ ಬಂಗಾರ. ಕಡಿದಲ್ಲಿ ರಕ್ತದಂಥ ಅಂಟು ಸುರಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಒದ್ದೆಯಾದಾಗ ಹಳದಿ ಬಣ್ಣ ಬಿಡುತ್ತದೆ. ಸುಣ್ಣ ಬಳಿದ ಗೋಡೆಗೆ ಹೊಂದಿಸಿದ ದಾರಂದ ಮೊದಲ ಮಳೆಯಲ್ಲಿ ನೆನೆದರೆ ಗೋಡೆಯ ಮೇಲೆ ಕಲೆ ಇಳಿಯುತ್ತದೆ. ಕೂರಿಸುವ ಮೊದಲೇ ಎಲ್ಲ ಮುಖಗಳಿಗೂ ಲೇಪ ಹಚ್ಚಬೇಕು.

ಅಂಗಡಿಗಳಲ್ಲಿ ಮಲೇಶಿಯಾ ಸಾಲ್ ಎಂದೂ ಇನ್ನಾವುದೋ ದೇಶದ ಹೊನ್ನೆ ಎಂದೂ ಮಾರುವ ಮರಗಳಿಗೆ ನಮ್ಮ ಮರದ ಹೆಸರಿದ್ದರೂ ಮರ ಬೇರೆಯೇ ಆಗಿರಬಹುದು. ಎಲ್ಲವೂ ಕೆಟ್ಟವಲ್ಲ, ಕೆಲವು ಬಹಳ ಗಟ್ಟಿ. ದೊಡ್ಡ ಮೊತ್ತದ ಖರೀದಿಯಾದರೆ ಒಂದು ತುಂಡನ್ನು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಯಾವ ಜಾತಿ ಎಂದು ತಿಳಿದುಕೊಳ್ಳಬಹುದು.

ಒಣಗಿಸುವುದು

ಇಲ್ಲಿಯವರೆಗೆ ಹೇಳಿದ ಹೋಲಿಕೆಯನ್ನೆಲ್ಲ ತಲೆಕೆಳಗು ಮಾಡಬಲ್ಲದ್ದು ಇದೊಂದೇ. ಹಸಿ ಸಾಗುವಾನಿಗಿಂತ ಚೆನ್ನಾಗಿ ಒಣಗಿದ ನಂದಿ ಮೇಲು. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತ ಬಿಡುತ್ತ ಇರುತ್ತದೆ. ಒಂದು ಅಡಿ ಅಗಲದ ಹಲಗೆ ನೂರಕ್ಕೆ ಒಂದರಷ್ಟು ಹಿಗ್ಗಿದರೂ ಅದು ಮೂರು ಮಿಲಿಮೀಟರ್. ಅಷ್ಟು ಸಾಕು, ಜುಲೈಯಲ್ಲಿ ಬಾಗಿಲು ಹಾಕಿಕೊಳ್ಳುವುದಿಲ್ಲ, ಮಾರ್ಚ್‌ನಲ್ಲಿ ಸಂದಿನಿಂದ ಬೆಳಕು ಬರುತ್ತದೆ. ಎಲ್ಲ ಮರಗಳೂ ಬೆಳವಣಿಗೆಯ ಉಂಗುರದ ಗುಂಟ ಹೆಚ್ಚು, ಉಂಗುರಕ್ಕೆ ಅಡ್ಡವಾಗಿ ಕಡಿಮೆ ಕುಗ್ಗುತ್ತವೆ. ಹಾಗಾಗಿ ದಿಮ್ಮಿಯ ಅಂಚಿನಿಂದ ಸೀಳಿದ ಹಲಗೆ ಬಟ್ಟಲಿನಂತೆ ಬಾಗುತ್ತದೆ, ನಡುವಿನಿಂದ ಹೊರಕ್ಕೆ ಸೀಳಿದ್ದು ನೆಟ್ಟಗಿರುತ್ತದೆ. ಬಾಗಿಲಿನ ಅಗಲದ ಹಲಗೆಗಳಿಗೆ ಎರಡನೆಯದನ್ನು ಆರಿಸಿಕೊಡಲು ಆಚಾರಿಗಳಿಗೆ ಹೇಳಿ.

ಹಿರಿಯರು ಕೃಷ್ಣಪಕ್ಷದಲ್ಲಿ ಮರ ಕಡಿಯಬೇಕು ಎನ್ನುತ್ತಿದ್ದರು. ನಾನು ಪಕ್ಷಕ್ಕಿಂತ ಋತುವನ್ನು ನೋಡುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಕಡಿದರೆ ದಿಮ್ಮಿ ಮಳೆಯಲ್ಲಿ ಬಿದ್ದಿರುವುದಿಲ್ಲ, ಮಿಲ್ಲಿಗೆ ಹೋಗಿ ಹಲಗೆಯಾಗಿ ಬೇಸಿಗೆಯ ಗಾಳಿಯನ್ನು ಪೂರ್ತಿ ಪಡೆಯುತ್ತದೆ. ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ, ನಡುನಡುವೆ ಒಂದೇ ದಪ್ಪದ ರೀಪುಗಳನ್ನು, ಅಂದರೆ ತೆಳುವಾದ ಮರದ ಪಟ್ಟಿಗಳನ್ನು, ಇಟ್ಟು ಜೋಡಿಸಬೇಕು. ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ಹಲಗೆ ಅಲೆಯಂತೆ ಬಾಗುತ್ತದೆ. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದರೆ ಬಿರುಕು ಕಡಿಮೆ. ಒಣಗಿತೇ ಎಂದು ತಿಳಿಯಲು ಒಂದು ತುಂಡನ್ನು ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಅದು ನಿಮ್ಮ ಊರಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಬೆಂಗಳೂರಿನಲ್ಲಿ ಒಣಗಿಸಿ ತಂದ ಬಾಗಿಲು ತೀರ್ಥಹಳ್ಳಿಯಲ್ಲಿ ಉಬ್ಬುತ್ತದೆ, ಮಂಗಳೂರಿನದು ಬೆಂಗಳೂರಿನಲ್ಲಿ ಬಿರಿಯುತ್ತದೆ.

ಹೆಬ್ಬಲಸಿನಲ್ಲಿಯೂ ಬಿಳಿ ಭಾಗವನ್ನು ಹುಳು ಬಿಡುವುದಿಲ್ಲ. ಕೊಯ್ಯುವಾಗಲೇ ಅದನ್ನು ತೆಗೆಸಿಬಿಡಿ. ಅನುಮಾನವಿದ್ದರೆ ಹಲಗೆಯ ತುದಿಯನ್ನು ನಯವಾಗಿ ಕೆತ್ತಿ ಅಯೋಡಿನ್ ದ್ರಾವಣದ ಎರಡು ಹನಿ ಹಾಕಿ ನೋಡಿ. ಕಡುನೀಲಿಯಾದಲ್ಲಿ ಪಿಷ್ಟವಿದೆ, ಅಲ್ಲಿಗೆ ಕುಟ್ಟೆ ಬರುತ್ತದೆ. ದಿಮ್ಮಿಯನ್ನು ಕೆಲವು ತಿಂಗಳು ಕೆರೆಯಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯ ಹಿಂದೆಯೂ ಈ ಪಿಷ್ಟವನ್ನು ತೊಳೆದು ತೆಗೆಯುವ ಲಾಭವಿದೆ.

ಹಾಗಾದರೆ ಎಲ್ಲಿಗೆ ಯಾವುದು?

ಮಳೆನಾಡಿನ ಮನೆಯೊಂದನ್ನು ನಾನು ಇಂದು ಮತ್ತೆ ಕಟ್ಟುವುದಾದರೆ ಹೊಸ್ತಿಲನ್ನು ಮತ್ತಿ ಅಥವಾ ಹಳೆಯ ಕಿರಾಲ್‌ಬೋಗಿಯಲ್ಲಿ ಮಾಡಿಸುತ್ತೇನೆ. ಹೊರಗಿನ ದಾರಂದ, ಹೆಬ್ಬಾಗಿಲು, ಪಡುವಣದ ಕಿಟಕಿಗಳು, ಸೂರಿನ ಅಂಚಿನ ರೀಪು, ಪಕಾಸು ಎಲ್ಲವೂ ಹೆಬ್ಬಲಸು. ಒಳಬಾಗಿಲುಗಳು ಹಲಸು ಅಥವಾ ನಂದಿ, ಯಾವುದು ಒಣಗಿ ಸಿದ್ಧವಿದೆಯೋ ಅದು. ದೊಡ್ಡ ತೊಲೆ ಮತ್ತಿ. ದೇವರಕೋಣೆಯ ಕೆತ್ತನೆಗೆ ಮಾತ್ರ ಬಲಿತ ಸಾಗುವಾನಿ, ಅದೂ ಕೆಲವೇ ಘನ ಅಡಿ. ಬಯಲುಸೀಮೆಯಲ್ಲಿ ಕಟ್ಟುವವರಿಗೆ ಈ ಪಟ್ಟಿ ಹೊಂದುವುದಿಲ್ಲ. ಅಲ್ಲಿ ಹೆಬ್ಬಲಸು ಸಿಗುವುದೂ ಕಷ್ಟ, ದೂರದಿಂದ ತಂದರೆ ಸಾಗಣೆಯ ಖರ್ಚಿನಲ್ಲಿ ಉಳಿತಾಯ ಕರಗುತ್ತದೆ. ಹತ್ತಿರದಲ್ಲಿ ಬೆಳೆದ ಬಲಿತ ಬೇವು ಅವರಿಗೆ ಒಳ್ಳೆಯ ಆಯ್ಕೆ.

ಕಾನೂನಿನ ಮಾತು ಚಿಕ್ಕದಾಗಿ. ಸ್ವಂತ ಜಮೀನಿನ ಮರವಾದರೂ ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ರಹದಾರಿಯ, ಅಂದರೆ ಸಾಗಣೆ ಪರವಾನಗಿಯ, ನಿಯಮಗಳಿವೆ. ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಗರಗಸ ಹಚ್ಚಿ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಾದ ಸೊಪ್ಪಿನಬೆಟ್ಟದಲ್ಲಿ ತೋಟಗಾರನಿಗೆ ಇರುವುದು ಸೊಪ್ಪಿನ ಹಕ್ಕು, ಅಲ್ಲಿನ ಮರವನ್ನು ತನ್ನದೆಂದು ಕಡಿಯುವಂತಿಲ್ಲ. ಕೊಳ್ಳುವಾಗಲೂ ರಸೀದಿ ಮತ್ತು ರಹದಾರಿಯ ಪ್ರತಿ ಕೇಳಿ ಪಡೆಯಿರಿ. ಕದ್ದು ಕಡಿದ ಮರ ಅಗ್ಗವಾಗಿ ಬಂದರೂ ಅದನ್ನು ಮನೆಯೊಳಗೆ ತರಬಾರದು.

ಹೆಬ್ಬಲಸನ್ನು ಇಷ್ಟು ಹೊಗಳಿದ ಮೇಲೆ ಅದನ್ನು ನೆಡುವ ಬಗೆಯನ್ನೂ ಹೇಳದಿದ್ದರೆ ಕಾಡಿನ ಮರಕ್ಕೆ ಕೊಡಲಿ ತೋರಿಸಿದಂತಾದೀತು. ಬೀಜ ಒಣಗಿದರೆ ಸತ್ತಂತೆ, ಡಬ್ಬದಲ್ಲಿಟ್ಟು ಮುಂದಿನ ವರ್ಷಕ್ಕೆ ಉಳಿಸಲಾಗದು. ಮೇ, ಜೂನ್‌ನಲ್ಲಿ ಹಣ್ಣು ತಿಂದ ದಿನವೇ ಬೀಜವನ್ನು ತೊಳೆದು, ಗೊಬ್ಬರ ಬೆರೆಸಿದ ಮಣ್ಣಿನ ಚೀಲದಲ್ಲಿ ಒಂದು ಬೆರಳು ಆಳಕ್ಕೆ ಊರಿ ನೆರಳಿನಲ್ಲಿಡಿ. ಮುಂದಿನ ಮಳೆಗಾಲದ ಆರಂಭದಲ್ಲಿ ತೋಟದ ಅಂಚಿಗೆ ಬಿಡಿ. ಮೊದಲ ವರ್ಷಗಳಲ್ಲಿ ದನ ಮೇಯದಂತೆ ಬೇಲಿ ಬೇಕು. ಮರ ತೋಳಿನಷ್ಟು ದಪ್ಪವಾದ ಮೇಲೆ ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು. ನಾನು ಕೊಟ್ಟಿಗೆಯ ಹಿಂದೆ ಹನ್ನೊಂದು ಗಿಡ ನೆಟ್ಟಿದ್ದೇನೆ, ಎಂಟು ಉಳಿದಿವೆ. ಕಳೆದ ವರ್ಷ ಅವುಗಳಲ್ಲಿ ಒಂದು ಮೊದಲ ಬಾರಿ ಕಾಯಿ ಬಿಟ್ಟಿತು.